ಗೂಗಲ್ ಆಡ್‌ಸೆನ್ಸ್

ಗೂಗಲ್ ಆಡ್‌ಸೆನ್ಸ್ ಎಂಬುದು ಜಾಲತಾಣ ಮತ್ತು ಬ್ಲಾಗ್‌ಗಳನ್ನು ನಡೆಸುವವರು ತಮ್ಮ ಪುಟಗಳಲ್ಲಿ ಜಾಹೀರಾತು ತೋರಿಸಿ ಹಣ ಗಳಿಸಲು ನೆರವಾಗುವ ಗೂಗಲ್ ಸಂಸ್ಥೆಯ ಸೇವೆಯಾಗಿದೆ. ಇದು 2003ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಈ ವ್ಯವಸ್ಥೆಯಲ್ಲಿ ತಾಣದ ಒಡೆಯನನ್ನು ‘ಪ್ರಕಾಶಕ’ ಎಂದು ಕರೆಯುತ್ತಾರೆ. ಪ್ರಕಾಶಕನು ಜಾಹೀರಾತುದಾರರನ್ನು ತಾನೇ ಹುಡುಕಬೇಕಾಗಿಲ್ಲ. ಗೂಗಲ್ ಒದಗಿಸುವ ಕೋಡಿನ ತುಣುಕೊಂದನ್ನು ಪುಟದಲ್ಲಿ ಸೇರಿಸಿದರೆ, ಪುಟದ ವಿಷಯಕ್ಕೂ ಓದುಗನ ಆಸಕ್ತಿಗೂ ಹೊಂದುವ ಜಾಹೀರಾತುಗಳು ತಾವಾಗಿಯೇ ಅಲ್ಲಿ ಕಾಣಿಸಿಕೊಳ್ಳುತ್ತವೆ. ಜಾಹೀರಾತುದಾರರು ನೀಡುವ ಹಣದಲ್ಲಿ ಒಂದು ಪಾಲು ಪ್ರಕಾಶಕನಿಗೆ ಸೇರುತ್ತದೆ.

ಸ್ವಂತ ಮಾರಾಟ ವಿಭಾಗವಿಲ್ಲದ ಸಣ್ಣ ತಾಣಗಳಿಗೂ ಜಾಹೀರಾತು ಆದಾಯದ ದಾರಿ ತೆರೆದದ್ದು ಈ ಸೇವೆಯ ಮುಖ್ಯ ಕೊಡುಗೆ. ಆದರೆ ಆದಾಯದ ಪ್ರಮಾಣವು ಭಾಷೆ, ದೇಶ ಮತ್ತು ವಿಷಯಗಳಿಗೆ ತಕ್ಕಂತೆ ಬಹಳವಾಗಿ ಬದಲಾಗುತ್ತದೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಈ ಸೇವೆ ಬಹುಕಾಲ ಲಭ್ಯವಿರಲಿಲ್ಲ.

ಹಿನ್ನೆಲೆ

ಅಂತರಜಾಲದ ಮೊದಲ ಬ್ಯಾನರ್ ಜಾಹೀರಾತುಗಳು 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಜಾಲಪತ್ರಿಕೆಯಲ್ಲಿ ಪ್ರಕಟವಾದವು. ಅವುಗಳಲ್ಲಿ ದೂರವಾಣಿ ಸಂಸ್ಥೆಯಾದ ಎಟಿ ಆಂಡ್ ಟಿಯ ಜಾಹೀರಾತು ಹೆಸರುವಾಸಿಯಾಗಿದೆ. ಆ ಕಾಲದಲ್ಲಿ ಮುದ್ರಿತ ಪತ್ರಿಕೆಗಳ ರೂಢಿಯಂತೆ ಇಷ್ಟು ಅವಧಿಗೆ ಇಷ್ಟು ಹಣ ಎಂದು ಜಾಗವನ್ನು ಮಾರಲಾಗುತ್ತಿತ್ತು. ಮಾತುಕತೆ, ಕರಾರು, ವಸೂಲಿ ಇವೆಲ್ಲಕ್ಕೂ ಸಿಬ್ಬಂದಿ ಬೇಕಾಗುತ್ತಿದ್ದುದರಿಂದ ದೊಡ್ಡ ತಾಣಗಳಿಗೆ ಮಾತ್ರ ಇದು ಸಾಧ್ಯವಾಗಿತ್ತು.

1998ರಲ್ಲಿ ಬಿಲ್ ಗ್ರಾಸ್ ಅವರ ‘ಗೋಟು.ಕಾಮ್’ ಶೋಧತಾಣವು ಬೇರೊಂದು ಮಾದರಿಯನ್ನು ತಂದಿತು. ಜಾಹೀರಾತುದಾರರು ಹುಡುಕುಪದಗಳಿಗೆ ಹರಾಜಿನಲ್ಲಿ ಬೆಲೆ ಕೂಗುತ್ತಿದ್ದರು. ಬಳಕೆದಾರನು ಜಾಹೀರಾತನ್ನು ಕ್ಲಿಕ್ ಮಾಡಿದಾಗ ಮಾತ್ರ ಹಣ ಕೊಡುತ್ತಿದ್ದರು. ಗೂಗಲ್ 2000ದ ಅಕ್ಟೋಬರ್‌ನಲ್ಲಿ ‘ಆಡ್‌ವರ್ಡ್ಸ್’ ಸೇವೆಯನ್ನು ಆರಂಭಿಸಿ, 2002ರಲ್ಲಿ ಕ್ಲಿಕ್ ಆಧಾರಿತ ಹರಾಜು ಪದ್ಧತಿಯನ್ನು ಅದರಲ್ಲಿ ಅಳವಡಿಸಿಕೊಂಡಿತು. ಈ ಸೇವೆಗೆ 2018ರಲ್ಲಿ ‘ಗೂಗಲ್ ಆಡ್ಸ್’ ಎಂದು ಮರುನಾಮಕರಣವಾಯಿತು.

ಇದೇ ಅವಧಿಯಲ್ಲಿ ಬ್ಲಾಗ್ ಬರವಣಿಗೆಯೂ ಬೆಳೆಯಿತು. ‘ವೆಬ್‌ಲಾಗ್’ ಎಂಬ ಪದವನ್ನು 1997ರಲ್ಲಿ ಜಾರ್ನ್ ಬಾರ್ಗರ್ ಬಳಕೆಗೆ ತಂದರು. 1999ರಲ್ಲಿ ಪೈರಾ ಲ್ಯಾಬ್ಸ್ ಸಂಸ್ಥೆಯು ‘ಬ್ಲಾಗರ್’ ಸೇವೆಯನ್ನು ಆರಂಭಿಸಿದ ಮೇಲೆ ತಾಂತ್ರಿಕ ಜ್ಞಾನವಿಲ್ಲದವರೂ ತಮ್ಮ ಪುಟಗಳನ್ನು ತಾವೇ ಪ್ರಕಟಿಸುವುದು ಸುಲಭವಾಯಿತು. 2003ರ ಫೆಬ್ರವರಿಯಲ್ಲಿ ಗೂಗಲ್ ಈ ಸಂಸ್ಥೆಯನ್ನು ಕೊಂಡುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ‘ವರ್ಡ್‌ಪ್ರೆಸ್’ ತಂತ್ರಾಂಶದ ಮೊದಲ ಆವೃತ್ತಿ ಬಿಡುಗಡೆಯಾಯಿತು. ಹೀಗೆ ಬರೆಯುವ ಸಾಧನಗಳು ಜನರ ಕೈಸೇರಿದ ಹೊತ್ತಿಗೇ ಬರಹದಿಂದ ಗಳಿಸುವ ಸಾಧನವೂ ಬಂದಿತು.

ಆರಂಭ ಮತ್ತು ಬೆಳವಣಿಗೆ

ಶೋಧ ಫಲಿತಾಂಶಗಳ ಪಕ್ಕದಲ್ಲಿ ಜಾಹೀರಾತು ತೋರಿಸುವಾಗ ಬಳಕೆದಾರನಿಗೆ ಏನು ಬೇಕೆಂಬುದು ಅವನು ಹುಡುಕಿದ ಪದದಿಂದಲೇ ತಿಳಿಯುತ್ತದೆ. ಸಾಮಾನ್ಯ ಲೇಖನವೊಂದರ ಪುಟದಲ್ಲಿ ಅಂತಹ ಸುಳಿವು ಇರುವುದಿಲ್ಲ. ಪುಟದ ಪಠ್ಯವನ್ನೇ ವಿಶ್ಲೇಷಿಸಿ ಅದರ ವಿಷಯವನ್ನು ಗುರುತಿಸುವುದು ಇದಕ್ಕೆ ಪರಿಹಾರವಾಯಿತು. 2003ರ ಏಪ್ರಿಲ್‌ನಲ್ಲಿ ಗೂಗಲ್ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ‘ಅಪ್ಲೈಡ್ ಸೆಮ್ಯಾಂಟಿಕ್ಸ್’ ಸಂಸ್ಥೆಯನ್ನು ಸುಮಾರು 10.2 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡುಕೊಂಡಿತು. ‘ಆಡ್‌ಸೆನ್ಸ್’ ಎಂಬ ಹೆಸರು ಆ ಸಂಸ್ಥೆಯ ಉತ್ಪನ್ನದಿಂದಲೇ ಬಂದದ್ದು.

2007ರಲ್ಲಿ ಗೂಗಲ್, ಬ್ಯಾನರ್ ಜಾಹೀರಾತು ಕ್ಷೇತ್ರದ ಪ್ರಮುಖ ಸಂಸ್ಥೆಯಾಗಿದ್ದ ‘ಡಬಲ್‌ಕ್ಲಿಕ್’ ಅನ್ನು 310 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಈ ವ್ಯವಹಾರ 2008ರ ಮಾರ್ಚ್‌ನಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಮುಂದೆ ಪಠ್ಯದ ಜೊತೆಗೆ ಓದುಗನ ಹಿಂದಿನ ಓಡಾಟವನ್ನು ಆಧರಿಸಿ ಜಾಹೀರಾತು ಆಯ್ಕೆ ಮಾಡುವ ಪದ್ಧತಿ ಬಲಗೊಂಡಿತು. 2018ರಲ್ಲಿ ಜಾಹೀರಾತಿನ ಸ್ಥಾನವನ್ನೂ ಗೂಗಲ್ ತಾನೇ ನಿರ್ಧರಿಸುವ ‘ಆಟೋ ಆಡ್ಸ್’ ಸೌಲಭ್ಯ ಬಂದಿತು.

ಕಾರ್ಯವಿಧಾನ

ಓದುಗನೊಬ್ಬ ಪುಟವನ್ನು ತೆರೆದ ಕ್ಷಣದಲ್ಲಿ ಈ ಕೆಳಗಿನ ಕ್ರಿಯೆಗಳು ಒಂದಾದ ಮೇಲೊಂದರಂತೆ ನಡೆಯುತ್ತವೆ:

1. ಪುಟದಲ್ಲಿರುವ ಆಡ್‌ಸೆನ್ಸ್ ಕೋಡ್, ಜಾಹೀರಾತು ಬೇಕೆಂಬ ಕೋರಿಕೆಯನ್ನು ಗೂಗಲ್‌ನ ಸರ್ವರಿಗೆ ಕಳುಹಿಸುತ್ತದೆ.
2. ಪುಟದ ವಿಷಯ, ಭಾಷೆ, ಓದುಗನ ಸ್ಥಳ, ಸಾಧನದ ಬಗೆ ಹಾಗೂ ಕುಕಿಗಳ ಮೂಲಕ ತಿಳಿದ ಆಸಕ್ತಿಗಳ ಆಧಾರದಲ್ಲಿ ಅರ್ಹ ಜಾಹೀರಾತುಗಳನ್ನು ಗುರುತಿಸಲಾಗುತ್ತದೆ.
3. ಅವುಗಳ ನಡುವೆ ಹರಾಜು ನಡೆಯುತ್ತದೆ. ಬೆಲೆಯ ಜೊತೆಗೆ ಜಾಹೀರಾತಿನ ಗುಣಮಟ್ಟವನ್ನೂ ಪರಿಗಣಿಸಲಾಗುತ್ತದೆ.
4. ಗೆದ್ದ ಜಾಹೀರಾತು ಪುಟದಲ್ಲಿ ಮೂಡುತ್ತದೆ.

ಇವೆಲ್ಲ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಮುಗಿಯುತ್ತವೆ. ಆದ್ದರಿಂದ ಒಂದೇ ಪುಟವನ್ನು ಒಂದೇ ಹೊತ್ತಿನಲ್ಲಿ ಮೈಸೂರಿನಲ್ಲೂ ಲಂಡನ್ನಿನಲ್ಲೂ ಓದುತ್ತಿರುವ ಇಬ್ಬರಿಗೆ ಬೇರೆ ಬೇರೆ ಜಾಹೀರಾತುಗಳು ಕಾಣಿಸಬಹುದು. ಆ ಎರಡು ಓದುಗಳಿಂದ ಪ್ರಕಾಶಕನಿಗೆ ದೊರೆಯುವ ಹಣವೂ ಬೇರೆ ಬೇರೆಯಾಗಿರುತ್ತದೆ.

ಮೊದಲು ಗೆದ್ದವನು ತನ್ನ ಕೆಳಗಿನವನ ಬೆಲೆಗಿಂತ ತುಸು ಹೆಚ್ಚು ಮಾತ್ರ ಕೊಡಬೇಕಾದ ‘ಎರಡನೆಯ ಬೆಲೆ’ ಹರಾಜು ಜಾರಿಯಲ್ಲಿತ್ತು. ಲೇಖನಗಳ ಪುಟಗಳಲ್ಲಿ ತೋರುವ ಜಾಹೀರಾತುಗಳಿಗೆ, ಕೂಗಿದ ಬೆಲೆಯನ್ನೇ ತೆರಬೇಕಾದ ‘ಮೊದಲ ಬೆಲೆ’ ಹರಾಜನ್ನು ಜಾರಿಗೆ ತರುವುದಾಗಿ 2021ರಲ್ಲಿ ಗೂಗಲ್ ಪ್ರಕಟಿಸಿತು.

ಆದಾಯದ ಲೆಕ್ಕಾಚಾರ

ಪ್ರಕಾಶಕನ ಪಾಲು ಎಷ್ಟೆಂಬುದನ್ನು ಗೂಗಲ್ ಮೊದಲ ಏಳು ವರ್ಷ ಬಹಿರಂಗಪಡಿಸಿರಲಿಲ್ಲ. 2010ರ ಮೇ ತಿಂಗಳಲ್ಲಿ, ಲೇಖನಗಳ ಪುಟದಲ್ಲಿ ತೋರುವ ಜಾಹೀರಾತುಗಳಿಂದ ಬರುವ ಹಣದಲ್ಲಿ ಶೇಕಡ 68ರಷ್ಟನ್ನೂ ಶೋಧ ಜಾಹೀರಾತುಗಳಿಂದ ಬರುವ ಹಣದಲ್ಲಿ ಶೇಕಡ 51ರಷ್ಟನ್ನೂ ಪ್ರಕಾಶಕರಿಗೆ ನೀಡುತ್ತಿರುವುದಾಗಿ ಅದು ತಿಳಿಸಿತು. 2023ರ ನವೆಂಬರ್‌ನಲ್ಲಿ ಲೆಕ್ಕದ ಕ್ರಮವನ್ನು ಎರಡು ಹಂತಗಳಾಗಿ ವಿಂಗಡಿಸುವುದಾಗಿ ಗೂಗಲ್ ಪ್ರಕಟಿಸಿತು. ಜಾಹೀರಾತುದಾರನು ಬಳಸುವ ವೇದಿಕೆ ತನ್ನ ಶುಲ್ಕವನ್ನು ಕಳೆದುಕೊಂಡ ಬಳಿಕ ಉಳಿಯುವ ಹಣದಲ್ಲಿ ಶೇಕಡ 80ರಷ್ಟು ಪ್ರಕಾಶಕನದು. ಜಾಹೀರಾತುದಾರನು ಗೂಗಲ್ ಆಡ್ಸ್ ಮೂಲಕ 100 ರೂಪಾಯಿ ತೆತ್ತನೆಂದುಕೊಂಡರೆ, ಸರಾಸರಿ 15 ರೂಪಾಯಿ ಶುಲ್ಕ ಕಳೆದು 85 ಉಳಿಯುತ್ತದೆ. ಅದರ ಶೇಕಡ 80 ಎಂದರೆ 68 ರೂಪಾಯಿ. ಹೀಗಾಗಿ ಈ ದಾರಿಯಲ್ಲಿ ಬಂದ ಹಣದ ಒಟ್ಟು ಪಾಲು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು. ಕ್ಲಿಕ್ಕಿನ ಬದಲು ಜಾಹೀರಾತಿನ ಪ್ರದರ್ಶನವನ್ನು ಆಧರಿಸಿ ಪ್ರಕಾಶಕರಿಗೆ ಹಣ ಪಾವತಿಸುವ ಬದಲಾವಣೆಯೂ ಇದೇ ಸಂದರ್ಭದಲ್ಲಿ ಪ್ರಕಟವಾಯಿತು.

ಆದಾಯವನ್ನು ಅಳೆಯಲು ಬಳಸುವ ಮುಖ್ಯ ಪದಗಳು ಇವು:

ಪುಟವೀಕ್ಷಣೆ: ಒಂದು ಪುಟವನ್ನು ಒಮ್ಮೆ ತೆರೆದು ನೋಡುವುದು.
ಕ್ಲಿಕ್ ಪ್ರಮಾಣ: ನೂರು ವೀಕ್ಷಣೆಗಳಲ್ಲಿ ಎಷ್ಟು ಬಾರಿ ಜಾಹೀರಾತನ್ನು ಕ್ಲಿಕ್ ಮಾಡಲಾಯಿತು ಎಂಬ ಲೆಕ್ಕ.
ಕ್ಲಿಕ್ ದರ: ಒಂದು ಕ್ಲಿಕ್ಕಿಗೆ ದೊರೆಯುವ ಹಣ.
ಆರ್‌ಪಿಎಂ: ಸಾವಿರ ಪುಟವೀಕ್ಷಣೆಗಳಿಗೆ ಬಿದ್ದ ಸರಾಸರಿ ಆದಾಯ. ಪಾವತಿ ಯಾವ ಆಧಾರದಲ್ಲಿ ನಡೆದರೂ ತಾಣಗಳನ್ನು ಹೋಲಿಸಲು ಈ ಅಳತೆ ಅನುಕೂಲಕರ.

ಉದಾಹರಣೆಗೆ, ಒಂದು ಬ್ಲಾಗಿಗೆ ತಿಂಗಳಿಗೆ 20,000 ಪುಟವೀಕ್ಷಣೆಗಳಿವೆ ಎಂದು ಊಹಿಸಿಕೊಳ್ಳಬಹುದು. ಕ್ಲಿಕ್ ಪ್ರಮಾಣ ಶೇಕಡ 1 ಆದರೆ 200 ಕ್ಲಿಕ್‌ಗಳಾಗುತ್ತವೆ. ಪ್ರತಿ ಕ್ಲಿಕ್ಕಿನಿಂದ ಸರಾಸರಿ 3 ಸೆಂಟ್ ದೊರೆತರೆ ತಿಂಗಳ ಆದಾಯ 6 ಡಾಲರ್, ಆರ್‌ಪಿಎಂ 30 ಸೆಂಟ್. ಅಷ್ಟೇ ಓದುಗರು, ಅಷ್ಟೇ ಕ್ಲಿಕ್‌ಗಳು ಇದ್ದು ದರ 50 ಸೆಂಟ್ ಆದರೆ ಆದಾಯ 100 ಡಾಲರ್ ಆಗುತ್ತದೆ. ಬರೆಯುವವನ ಶ್ರಮ ಎರಡೂ ಕಡೆ ಒಂದೇ. ವ್ಯತ್ಯಾಸವನ್ನು ನಿರ್ಧರಿಸುವುದು ಆ ಓದುಗರನ್ನು ತಲುಪಲು ಎಷ್ಟು ಜಾಹೀರಾತುದಾರರು ಪೈಪೋಟಿ ನಡೆಸುತ್ತಿದ್ದಾರೆ ಎಂಬ ಅಂಶ. ವಿಮೆ, ಸಾಲ, ವಕೀಲರ ಸೇವೆ ಮೊದಲಾದ ವಿಷಯಗಳಲ್ಲಿ ಒಬ್ಬ ಗ್ರಾಹಕ ದೊರೆತರೂ ಸಂಸ್ಥೆಗೆ ಹೆಚ್ಚು ಲಾಭವಿರುವುದರಿಂದ ದರಗಳು ಮೇಲಿರುತ್ತವೆ. ಕವಿತೆ, ಇತಿಹಾಸ, ಜಾನಪದದಂತಹ ವಿಷಯಗಳಿಗೆ ನೇರವಾಗಿ ಮಾರಬಹುದಾದ ಸರಕು ಕಡಿಮೆಯಿರುವುದರಿಂದ ದರಗಳು ಕೆಳಗಿರುತ್ತವೆ.

ಸೇರ್ಪಡೆ ಮತ್ತು ಪಾವತಿ

ಖಾತೆ ತೆರೆಯಲು ಅರ್ಜಿದಾರನಿಗೆ 18 ವರ್ಷ ತುಂಬಿರಬೇಕು. ತಾಣದಲ್ಲಿ ಸ್ವಂತ ಬರಹಗಳಿರಬೇಕು. ಬೇರೆಡೆಯಿಂದ ನಕಲು ಮಾಡಿದ ಬರಹ, ಅಶ್ಲೀಲ ಚಿತ್ರ, ಕೃತಿಸ್ವಾಮ್ಯ ಉಲ್ಲಂಘಿಸುವ ಸಾಮಗ್ರಿಗಳಿರುವ ತಾಣಗಳಿಗೆ ಅನುಮತಿ ದೊರೆಯುವುದಿಲ್ಲ. ಭಾರತದಲ್ಲಿ ಕೆಲವು ಕಾಲ, ತಾಣವು ಕನಿಷ್ಠ ಆರು ತಿಂಗಳು ಹಳೆಯದಾಗಿರಬೇಕೆಂಬ ಹೆಚ್ಚುವರಿ ನಿಯಮವಿತ್ತು.

ಗಳಿಕೆ 10 ಡಾಲರ್ ತಲುಪಿದಾಗ ಗೂಗಲ್ ಪ್ರಕಾಶಕನ ವಿಳಾಸಕ್ಕೆ ಅಂಚೆಯ ಮೂಲಕ ಪಿನ್ ಸಂಖ್ಯೆಯೊಂದನ್ನು ಕಳುಹಿಸುತ್ತದೆ. ಅದನ್ನು ಖಾತೆಯಲ್ಲಿ ನಮೂದಿಸಿದರೆ ವಿಳಾಸ ದೃಢವಾಗುತ್ತದೆ. ಡಾಲರ್ ಲೆಕ್ಕದ ಖಾತೆಗಳಲ್ಲಿ ಸಂಗ್ರಹವಾದ ಹಣ 100 ಡಾಲರ್ ದಾಟಿದ ಮೇಲೆ ಮಾತ್ರ ಪಾವತಿಯಾಗುತ್ತದೆ. ದಾಟದಿದ್ದರೆ ಮೊತ್ತ ಮುಂದಿನ ತಿಂಗಳಿಗೆ ಸೇರುತ್ತದೆ. ಒಂದು ತಿಂಗಳ ಗಳಿಕೆಯನ್ನು ಮರುತಿಂಗಳು 21ರಿಂದ 26ನೆಯ ತಾರೀಖಿನ ನಡುವೆ ಕಳುಹಿಸಲಾಗುತ್ತದೆ. ಮೊದಲಿಗೆ ಭಾರತದ ಪ್ರಕಾಶಕರಿಗೆ ಚೆಕ್ ಮೂಲಕ ಬರುತ್ತಿದ್ದ ಹಣ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 6 ಡಾಲರ್ ಗಳಿಸುವ ಬ್ಲಾಗಿಗ ಮೊದಲ ಪಾವತಿಗಾಗಿ ಸುಮಾರು ಒಂದೂವರೆ ವರ್ಷ ಕಾಯಬೇಕಾಗುತ್ತದೆ.

ಅಮಾನ್ಯ ಕ್ಲಿಕ್‌ಗಳು ಮತ್ತು ಖಾತೆ ರದ್ದತಿ

ಜಾಹೀರಾತಿನ ಬಗ್ಗೆ ನಿಜವಾದ ಆಸಕ್ತಿಯಿಲ್ಲದೆ ಹಣಕ್ಕಾಗಿ ಅಥವಾ ಪ್ರತಿಸ್ಪರ್ಧಿಗೆ ನಷ್ಟ ಮಾಡಲು ನಡೆಯುವ ಕ್ಲಿಕ್‌ಗಳನ್ನು ಅಮಾನ್ಯ ಕ್ಲಿಕ್‌ಗಳು ಎನ್ನುತ್ತಾರೆ. ಪ್ರಕಾಶಕನು ತನ್ನ ಪುಟದ ಜಾಹೀರಾತನ್ನು ತಾನೇ ಕ್ಲಿಕ್ ಮಾಡುವುದು, ಗೆಳೆಯರಿಗೆ ಕ್ಲಿಕ್ ಮಾಡಲು ಹೇಳುವುದು, ಯಂತ್ರಗಳ ಮೂಲಕ ಕ್ಲಿಕ್ ಮಾಡಿಸುವುದು ಇವೆಲ್ಲ ನಿಷಿದ್ಧ. ಮನೆಯಲ್ಲೇ ಕುಳಿತು ಜಾಹೀರಾತು ಕ್ಲಿಕ್ ಮಾಡಿ ಹಣ ಪಡೆಯುವ ದಂಧೆ ಭಾರತದ ನಗರಗಳಲ್ಲಿ ನಡೆಯುತ್ತಿರುವುದಾಗಿ 2004ರಲ್ಲಿಯೇ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅಮಾನ್ಯ ಕ್ಲಿಕ್‌ಗಳಿಗೂ ಹಣ ತೆರಬೇಕಾಯಿತೆಂದು ಜಾಹೀರಾತುದಾರರು ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯೊಂದನ್ನು ಗೂಗಲ್ 2006ರಲ್ಲಿ 9 ಕೋಟಿ ಡಾಲರ್ ಮೌಲ್ಯದ ರಾಜಿಯ ಮೂಲಕ ಮುಗಿಸಿತು.

ಅಕ್ರಮ ಕಂಡುಬಂದಲ್ಲಿ ಗೂಗಲ್ ಖಾತೆಯನ್ನು ರದ್ದುಪಡಿಸಿ, ಬಾಕಿಯಿರುವ ಹಣವನ್ನು ಜಾಹೀರಾತುದಾರರಿಗೆ ಹಿಂದಿರುಗಿಸಬಹುದು. ಪತ್ತೆಹಚ್ಚುವ ವಿಧಾನವನ್ನು ಬಹಿರಂಗಪಡಿಸಿದರೆ ವಂಚಕರಿಗೆ ಅನುಕೂಲವಾಗುತ್ತದೆ ಎಂಬ ಕಾರಣಕ್ಕೆ ರದ್ದತಿಯ ವಿವರಗಳನ್ನು ಸಂಸ್ಥೆ ಪೂರ್ಣವಾಗಿ ನೀಡುವುದಿಲ್ಲ. ತಪ್ಪು ಮಾಡದ ಪ್ರಕಾಶಕನೂ, ಬೇರೆಯವರು ಅವನ ತಾಣದಲ್ಲಿ ದುರುದ್ದೇಶದಿಂದ ಕ್ಲಿಕ್ ಮಾಡಿದ್ದರಿಂದ ಖಾತೆ ಕಳೆದುಕೊಳ್ಳಬಹುದು ಎಂಬುದು ಈ ಪದ್ಧತಿಯ ಮೇಲಿನ ಮುಖ್ಯ ಆಕ್ಷೇಪ. ಮೇಲ್ಮನವಿಗೆ ಅವಕಾಶವಿದ್ದರೂ ಅಂತಿಮ ತೀರ್ಮಾನ ಸಂಸ್ಥೆಯದೇ. ಖಾತೆ ರದ್ದಾದಾಗ ತಡೆಹಿಡಿದ ಹಣದ ಬಗ್ಗೆ 2014ರಲ್ಲಿ ಅಮೆರಿಕದ ಪ್ರಕಾಶಕರು ಹೂಡಿದ ಸಾಮೂಹಿಕ ಮೊಕದ್ದಮೆ 2018ರಲ್ಲಿ 1.1 ಕೋಟಿ ಡಾಲರ್ ರಾಜಿಯೊಂದಿಗೆ ಕೊನೆಗೊಂಡಿತು.

ಬರವಣಿಗೆಯ ಮೇಲಿನ ಪರಿಣಾಮ

ಪುಟವೀಕ್ಷಣೆಯೇ ಹಣವಾದಾಗ ಬರಹದ ಉದ್ದೇಶವೂ ಬದಲಾಗುವ ಸಾಧ್ಯತೆಯಿದೆ. ಆಡ್‌ಸೆನ್ಸ್ ಬಂದ ಕೆಲವೇ ವರ್ಷಗಳಲ್ಲಿ, ಜನರು ಹೆಚ್ಚು ಹುಡುಕುವ ಪದಗಳನ್ನು ಪಟ್ಟಿಮಾಡಿ ಅವುಗಳ ಸುತ್ತ ಅಗ್ಗದ ಲೇಖನಗಳನ್ನು ರಾಶಿಗಟ್ಟಲೆ ಬರೆಸುವ ತಾಣಗಳು ಹುಟ್ಟಿಕೊಂಡವು. ಇವುಗಳಿಗೆ ‘ಕಂಟೆಂಟ್ ಫಾರ್ಮ್’ ಎಂಬ ಹೆಸರು ಬಂದಿತು. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಶೋಧಕ್ರಮಕ್ಕೆ ‘ಪಾಂಡಾ’ ಎಂಬ ಪರಿಷ್ಕರಣೆ ತಂದು ಇಂತಹ ತಾಣಗಳನ್ನು ಫಲಿತಾಂಶಗಳ ಪಟ್ಟಿಯಲ್ಲಿ ಕೆಳಗಿಳಿಸಿತು. ಓದುಗರಲ್ಲಿ ಹೆಚ್ಚಿನವರು ಶೋಧದ ಮೂಲಕವೇ ಬರುತ್ತಿದ್ದ ತಾಣಗಳ ಆದಾಯ ಕೆಲವೇ ದಿನಗಳಲ್ಲಿ ಕುಸಿಯಿತು. ಓದುಗರನ್ನು ತರುವ ಶೋಧಯಂತ್ರ ಮತ್ತು ಹಣ ನೀಡುವ ಜಾಹೀರಾತು ಜಾಲ ಎರಡೂ ಒಂದೇ ಸಂಸ್ಥೆಯ ಕೈಯಲ್ಲಿರುವುದು ಪ್ರಕಾಶಕರ ಪಾಲಿಗೆ ಎಂತಹ ಅವಲಂಬನೆ ಎಂಬುದನ್ನು ಈ ಘಟನೆ ತೋರಿಸಿತು.

ಭಾರತೀಯ ಭಾಷೆಗಳು ಮತ್ತು ಕನ್ನಡ

ಆಡ್‌ಸೆನ್ಸ್ ನಿಗದಿತ ಭಾಷೆಗಳ ಪುಟಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಪಟ್ಟಿಯಲ್ಲಿಲ್ಲದ ಭಾಷೆಯ ಪುಟಗಳಲ್ಲಿ ಕೋಡ್ ಅಳವಡಿಸುವುದು ನಿಯಮಕ್ಕೆ ವಿರುದ್ಧವಾಗಿತ್ತು. ಭಾರತೀಯ ಭಾಷೆಗಳಲ್ಲಿ ಹಿಂದಿಗೆ ಮೊದಲ ಅವಕಾಶ ದೊರೆತದ್ದು 2014ರಲ್ಲಿ, ಅಂದರೆ ಸೇವೆ ಆರಂಭವಾಗಿ ಹನ್ನೊಂದು ವರ್ಷಗಳ ಬಳಿಕ. 2017ರಲ್ಲಿ ಬಂಗಾಳಿ, 2018ರಲ್ಲಿ ತಮಿಳು ಮತ್ತು ತೆಲುಗು ಸೇರಿದವು. ಅನಂತರ ಕನ್ನಡವೂ ಪಟ್ಟಿಗೆ ಸೇರಿತು.

ಅಂತರಜಾಲದಲ್ಲಿ ಕನ್ನಡ ಇದಕ್ಕೂ ಬಹಳ ಮೊದಲೇ ಕಾಲಿಟ್ಟಿತ್ತು. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ 1996ರಲ್ಲಿ ಆರಂಭವಾಗಿತ್ತು. ಕನ್ನಡ ವಿಕಿಪೀಡಿಯ 2003ರಲ್ಲಿ, ‘ಸಂಪದ’ ಸಮುದಾಯ ತಾಣ 2005ರಲ್ಲಿ ಹುಟ್ಟಿದವು. ಆದರೆ ಆರಂಭದ ವರ್ಷಗಳಲ್ಲಿ ಅನೇಕ ಪುಟಗಳು ಯೂನಿಕೋಡ್ ಬದಲು ಆಯಾ ತಂತ್ರಾಂಶಕ್ಕೆ ಸೀಮಿತವಾದ ಫಾಂಟ್‌ಗಳಲ್ಲಿ ಇರುತ್ತಿದ್ದವು. ಮನುಷ್ಯರ ಕಣ್ಣಿಗೆ ಕನ್ನಡವಾಗಿ ಕಾಣುವ ಇಂತಹ ಪಠ್ಯ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅದನ್ನು ಶೋಧಯಂತ್ರ ಹುಡುಕಲಾರದು, ಜಾಹೀರಾತು ವ್ಯವಸ್ಥೆ ಅದರ ವಿಷಯವನ್ನು ಗುರುತಿಸಲಾರದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಯೂನಿಕೋಡ್ ಬಳಕೆ ಹರಡಿದಂತೆ ಈ ಅಡ್ಡಿ ಕ್ರಮೇಣ ತಗ್ಗಿತು.

ಹೀಗೆ ಕನ್ನಡ ಬ್ಲಾಗ್ ಬರವಣಿಗೆ ಹುಲುಸಾಗಿ ಬೆಳೆದ ಮೊದಲ ದಶಕದಲ್ಲಿ ಆಡ್‌ಸೆನ್ಸ್ ಆದಾಯಕ್ಕೆ ನಿಯಮಬದ್ಧ ದಾರಿ ಇರಲಿಲ್ಲ. ತಾಣದ ಹೆಸರು ಮತ್ತು ಸರ್ವರಿನ ವಾರ್ಷಿಕ ಬಾಡಿಗೆಯನ್ನು ಬರೆಯುವವರು ಸ್ವಂತ ಹಣದಿಂದಲೋ ಓದುಗರ ನೆರವಿನಿಂದಲೋ ಸ್ಥಳೀಯ ಜಾಹೀರಾತಿನಿಂದಲೋ ತುಂಬಬೇಕಾಗಿತ್ತು. ಬಾಡಿಗೆ ನಿಂತರೆ ತಾಣ ಮುಚ್ಚುತ್ತದೆ, ಅದರೊಂದಿಗೆ ಬರಹಗಳೂ ಕಣ್ಮರೆಯಾಗುತ್ತವೆ. ಆದ್ದರಿಂದ ಸಣ್ಣ ಭಾಷೆಗಳಲ್ಲಿ ಜಾಹೀರಾತು ಆದಾಯದ ಪ್ರಶ್ನೆ ಲೇಖಕನ ಲಾಭಕ್ಕಷ್ಟೇ ಸೀಮಿತವಾಗದೆ ಬರಹಗಳ ಉಳಿವಿಗೂ ಸಂಬಂಧಿಸಿದೆ.

ಪಟ್ಟಿಗೆ ಸೇರಿದ ಮೇಲೂ ಕನ್ನಡದ ಪುಟಗಳಿಗೆ ಹರಾಜಿನಲ್ಲಿ ಕೆಲವು ತೊಡಕುಗಳಿವೆ. ಕನ್ನಡದಲ್ಲೇ ಸಿದ್ಧಪಡಿಸಿದ ಜಾಹೀರಾತುಗಳು ಇಂಗ್ಲಿಷಿಗೆ ಹೋಲಿಸಿದರೆ ಕಡಿಮೆ. ಪೈಪೋಟಿ ಕಡಿಮೆಯಾದಷ್ಟೂ ಬೆಲೆ ಇಳಿಯುತ್ತದೆ. ವಿದೇಶಗಳಲ್ಲಿರುವ ಕನ್ನಡಿಗರ ಓದಿಗೆ ಆಯಾ ದೇಶದ ದರ ದೊರೆಯಬಹುದಾದರೂ ಅವರ ಸಂಖ್ಯೆ ಸಣ್ಣದು.

ಖಾಸಗಿತನ

ಓದುಗನ ಆಸಕ್ತಿಯನ್ನು ಗುರುತಿಸಲು ಬಳಸುವ ಮುಖ್ಯ ಸಾಧನ ಕುಕಿ. ಇದನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ರೂಪಿಸಿದರು. ಓದುಗನು ಭೇಟಿಯಿತ್ತ ತಾಣದ ಹೊರಗಿನ ಸಂಸ್ಥೆಗಳು ಇಡುವ ಕುಕಿಗಳಿಂದ ಅವನು ಎಲ್ಲೆಲ್ಲಿ ಓಡಾಡಿದನೆಂಬುದು ತಿಳಿಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್ ನಿಯಮಾವಳಿಯು ದತ್ತಾಂಶ ಸಂಗ್ರಹಕ್ಕೆ ಓದುಗನ ಒಪ್ಪಿಗೆಯ ನಿಯಮಗಳನ್ನು ಬಿಗಿಗೊಳಿಸಿತು. ಭಾರತದ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಕ್ರೋಮ್ ಬ್ರೌಸರಿನಲ್ಲಿ ಹೊರಸಂಸ್ಥೆಗಳ ಕುಕಿಗಳನ್ನು ನಿಲ್ಲಿಸುವುದಾಗಿ 2020ರಲ್ಲಿ ಪ್ರಕಟಿಸಿದ್ದ ಗೂಗಲ್, 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಜಾಹೀರಾತು ತಡೆಯುವ ತಂತ್ರಾಂಶಗಳ ಬಳಕೆಯೂ ಹೆಚ್ಚಿರುವುದರಿಂದ ಓದುಗರೆಲ್ಲರ ಓದೂ ಆದಾಯವಾಗಿ ಬದಲಾಗುವುದಿಲ್ಲ.

ಕಾನೂನು ಮತ್ತು ತೆರಿಗೆ

ಶೋಧ ಜಾಹೀರಾತುಗಳ ಕರಾರಿನಲ್ಲಿ ಪ್ರತಿಸ್ಪರ್ಧಿಗಳನ್ನು ತಡೆಯಲಾಗಿದೆ ಎಂದು ಐರೋಪ್ಯ ಆಯೋಗ 2019ರಲ್ಲಿ ಗೂಗಲ್‌ಗೆ 149 ಕೋಟಿ ಯೂರೊ ದಂಡ ವಿಧಿಸಿತು. ಈ ಆದೇಶವನ್ನು ಐರೋಪ್ಯ ಒಕ್ಕೂಟದ ಸಾಮಾನ್ಯ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವು, ಪ್ರಕಾಶಕರು ಬಳಸುವ ಜಾಹೀರಾತು ಸರ್ವರ್ ಹಾಗೂ ಜಾಹೀರಾತು ವಿನಿಮಯ ಮಾರುಕಟ್ಟೆಗಳಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ತೀರ್ಪು ನೀಡಿತು.

ಭಾರತದಲ್ಲಿ ಬ್ಲಾಗ್ ಮತ್ತು ಜಾಲತಾಣಗಳ ಜಾಹೀರಾತು ಗಳಿಕೆಗೆ ಆದಾಯ ತೆರಿಗೆ ಅನ್ವಯಿಸುತ್ತದೆ. ಸರ್ವರ್ ಬಾಡಿಗೆ, ಅಂತರಜಾಲ ಸಂಪರ್ಕ ಮೊದಲಾದ ವೆಚ್ಚಗಳನ್ನು ನಿಯಮಾನುಸಾರ ಕಳೆಯಬಹುದು. ವಿದೇಶಿ ಸಂಸ್ಥೆಗಳಿಗೆ ಆನ್‌ಲೈನ್ ಜಾಹೀರಾತಿಗಾಗಿ ನೀಡುವ ಹಣದ ಮೇಲೆ ಕೇಂದ್ರ ಸರ್ಕಾರ 2016ರ ಜೂನ್ 1ರಿಂದ ಶೇಕಡ 6ರ ಸಮೀಕರಣ ತೆರಿಗೆ ವಿಧಿಸಿತ್ತು. ಅದನ್ನು 2025ರ ಏಪ್ರಿಲ್ 1ರಿಂದ ತೆಗೆದುಹಾಕಲಾಯಿತು.

ಇತರ ಆದಾಯ ಮಾರ್ಗಗಳು

ಆಡ್‌ಸೆನ್ಸ್ ಜೊತೆಗೆ ಅಥವಾ ಅದರ ಬದಲಾಗಿ ಜಾಲತಾಣಗಳು ಬೇರೆ ಮಾರ್ಗಗಳನ್ನೂ ಬಳಸುತ್ತವೆ. ಅವುಗಳಲ್ಲಿ ಮುಖ್ಯವಾದವು:

ಸಹಭಾಗಿ ಮಾರಾಟ: ತಾಣದಲ್ಲಿರುವ ಕೊಂಡಿಯ ಮೂಲಕ ಓದುಗನು ವಸ್ತು ಕೊಂಡರೆ ದಲ್ಲಾಳಿ ಹಣ ದೊರೆಯುತ್ತದೆ. ಅಮೆಜಾನ್ ಸಂಸ್ಥೆ ಇಂತಹ ಯೋಜನೆಯನ್ನು 1996ರಲ್ಲಿ ಆರಂಭಿಸಿತು.
ಪ್ರಾಯೋಜಿತ ಬರಹ: ಸಂಸ್ಥೆಯೊಂದು ಹಣ ಕೊಟ್ಟು ಬರೆಸುವ ಲೇಖನ. ಸಾಮಾಜಿಕ ಮಾಧ್ಯಮದ ಪ್ರಭಾವಿಗಳು ಹಣ ಪಡೆದು ಪ್ರಕಟಿಸುವುದನ್ನು ಜಾಹೀರಾತೆಂದು ಸ್ಪಷ್ಟವಾಗಿ ನಮೂದಿಸಬೇಕೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು.
ನೇರ ಜಾಹೀರಾತು: ಪುಸ್ತಕ ಪ್ರಕಾಶಕರು, ಅಂಗಡಿಗಳು ಮೊದಲಾದವರಿಂದ ನೇರವಾಗಿ ಪಡೆಯುವ ಜಾಹೀರಾತು. ಇದರಲ್ಲಿ ಮಧ್ಯವರ್ತಿಯ ಪಾಲಿಲ್ಲ.
ಚಂದಾ ಮತ್ತು ದೇಣಿಗೆ: ಓದುಗರೇ ತಾಣದ ಖರ್ಚನ್ನು ಹೊರುವ ಪದ್ಧತಿ. ವಿಕಿಪೀಡಿಯವು ಜಾಹೀರಾತಿಲ್ಲದೆ ಮುಖ್ಯವಾಗಿ ದೇಣಿಗೆಯಿಂದಲೇ ನಡೆಯುತ್ತಿದೆ.
ವೀಡಿಯೊ: ಯೂಟ್ಯೂಬ್ 2007ರಲ್ಲಿ ಪಾಲುದಾರ ಯೋಜನೆ ಆರಂಭಿಸಿ ವೀಡಿಯೊ ತಯಾರಕರಿಗೆ ಜಾಹೀರಾತು ಹಣದಲ್ಲಿ ಪಾಲು ನೀಡತೊಡಗಿತು. ಈ ಹಣವೂ ಆಡ್‌ಸೆನ್ಸ್ ಖಾತೆಯ ಮೂಲಕವೇ ಪಾವತಿಯಾಗುತ್ತದೆ.